ಉಡದ ಮೈಮೇಲಿನ ಉಣ್ಣೆ: ಕಾಡಂಚಿನವರು ತಿಳಿದಿರಬೇಕಾದ ಹಳೇ ಕಥೆ

ಕೋಡಿಹಳ್ಳಿ ಸೀಮೆಯಲ್ಲಿ ಕಾಡಂಚಿಗೆ ಕುರಿ, ಮೇಕೆ ಹೊಡೆದುಕೊಂಡು ಹೋಗುವವರಿಗೆ ಉಡ ಹೊಸದಲ್ಲ. ಬಂಡೆ ಮೇಲೆ ಬಿಸಿಲು ಕಾಯುವ ಉಡವನ್ನು ಹತ್ತಿರದಿಂದ ನೋಡಿದವರಿಗೆ ಇನ್ನೊಂದೂ ಗೊತ್ತು. ಅದರ ಮುಂಗಾಲ ಸಂದಿನಲ್ಲಿ, ಹೊಟ್ಟೆ ಪಕ್ಕದಲ್ಲಿ, ಬಾಲದ ಬುಡದಲ್ಲಿ ಚಪ್ಪಟೆ ಕಾಳಿನಂಥ ಹುಳುಗಳು ಕಚ್ಚಿಕೊಂಡಿರುತ್ತವೆ. ಅವು ಉಣ್ಣೆ. ಮಲೆನಾಡಿನವರು ಉಣುಗು ಅನ್ನುತ್ತಾರೆ. ಉಡದ ಪಟ್ಟು ಗಟ್ಟಿ ಅಂತ ನಾವು ಮಾತಿಗೆ ಹೇಳುತ್ತೇವೆ. ಆ ಉಡವನ್ನೇ ಹಿಡಿದು ಬಿಡದ ಪಟ್ಟು ಈ ಉಣ್ಣೆಯದು.

ಇದನ್ನು ಕಂಡವರು ಕೇಳುವ ಪ್ರಶ್ನೆ ಒಂದೇ: ‘ಈ ಉಣ್ಣೆ ನಮಗೂ ಕಚ್ಚಿ ಕಾಯಿಲೆ ತರುತ್ತದಾ? ಉಡ ಇದ್ದರೆ ಅಪಾಯವಾ?’ ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೊಂದು ಉಣ್ಣೆಗೆ ಒಂದೊಂದು ಮನೆ

ಉಡ ಮತ್ತು ಹಾವುಗಳನ್ನೇ ನಂಬಿ ಬದುಕುವ ಒಂದು ಉಣ್ಣೆಗೆ 1847ರಲ್ಲಿ ಫ್ರಾನ್ಸಿನ ಕೀಟ ವಿಜ್ಞಾನಿ ಲ್ಯೂಕಾ ಹೆಸರಿಟ್ಟರು. ಈಗ ಅದನ್ನು ಆಂಬ್ಲಿಯೋಮಾ ಜರ್ವೇಸಿ ಎಂದು ಕರೆಯುತ್ತಾರೆ. ನಮ್ಮ ದೇಶದ ಉಡಗಳ ಮೇಲೆ ಸಾಮಾನ್ಯವಾಗಿ ಕಾಣುವ ಉಣ್ಣೆ ಇದು. 1928ರಲ್ಲಿ ಎಂ. ಷರೀಫ್ ಎಂಬ ವಿಜ್ಞಾನಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಲ್ಲಿ ಕೂಡಿಟ್ಟಿದ್ದ ಉಣ್ಣೆಗಳನ್ನು ಒಂದೊಂದಾಗಿ ನೋಡಿ, ಭಾರತದ ಉಣ್ಣೆಗಳ ಪಟ್ಟಿಯನ್ನು ಪರಿಷ್ಕರಿಸಿ ಬರೆದರು.

ಇಂಥ ಪಟ್ಟಿಗಳಿಂದ ಒಂದು ಮಾತು ಗೊತ್ತಾಗುತ್ತದೆ. ಉಣ್ಣೆ ಅಂದರೆ ಒಂದೇ ಜಾತಿಯಲ್ಲ. ಹಸುವಿನ ಉಣ್ಣೆ ಬೇರೆ, ನಾಯಿಯದು ಬೇರೆ, ಉಡದ್ದು ಬೇರೆ. ಎಲ್ಲವಕ್ಕೂ ಬೇಕಾದ್ದು ರಕ್ತವೇ, ಆದರೆ ಯಾರ ರಕ್ತ ಅನ್ನುವುದರಲ್ಲಿ ವ್ಯತ್ಯಾಸ ಇದೆ. ಉಡದ ಉಣ್ಣೆ ಚಿಪ್ಪಿನ ಸಂದು ಹುಡುಕಿ ಮೂತಿ ಇಳಿಸುವುದಕ್ಕೆ ಹೊಂದಿಕೊಂಡ ಜೀವ. ಮನುಷ್ಯರನ್ನು ಹುಡುಕಿಕೊಂಡು ಬರುವುದು ಅದರ ಗುಣವಲ್ಲ.

ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಬಿಟ್ಟರೆ ಎಂಟು ಕಾಲಿನ ಎಳೆ ಉಣ್ಣೆ. ಇನ್ನೊಮ್ಮೆ ಕುಡಿದು ಪೊರೆ ಬಿಟ್ಟರೆ ಬಲಿತ ಉಣ್ಣೆ. ಕಾಡಿನ ಬಹಳಷ್ಟು ಉಣ್ಣೆಗಳು ಒಂದೊಂದು ಹಂತದಲ್ಲೂ ನೆಲಕ್ಕೆ ಉದುರಿ ಮತ್ತೆ ಹೊಸ ಪ್ರಾಣಿಯನ್ನು ಹತ್ತುತ್ತವೆ. ಕಾಯಿಲೆ ದಾಟುವ ದಾರಿ ಇದೇ. ಮೊದಲ ಪ್ರಾಣಿಯ ರಕ್ತದಲ್ಲಿದ್ದ ರೋಗಾಣು ಎರಡನೆಯದಕ್ಕೆ ಹೋಗುತ್ತದೆ.

ಮೊದಲು ಸಿಕ್ಕಿಬಿದ್ದದ್ದು ಹಸುವಿನ ಉಣ್ಣೆ

ಉಣ್ಣೆ ಕಾಯಿಲೆ ತರುತ್ತದೆ ಅನ್ನುವುದು ಸಾಬೀತಾದದ್ದು ಹಸುಗಳಲ್ಲಿ. ಅಮೆರಿಕದಲ್ಲಿ ದನಗಳು ಜ್ವರ ಬಂದು, ಗಂಜಲ ಕೆಂಪಾಗಿ ಸಾಯುತ್ತಿದ್ದವು. ಇದಕ್ಕೆ ಉಣ್ಣೆಯೇ ಕಾರಣ ಎಂದು 1893ರಲ್ಲಿ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ತೋರಿಸಿಕೊಟ್ಟರು. ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡದ್ದು ಅದಾದ ನಾಲ್ಕು ವರ್ಷಕ್ಕೆ, 1897ರಲ್ಲಿ. ನಮ್ಮ ಮಿಶ್ರತಳಿ ಹಸುಗಳಿಗೆ ಬರುವ ಕೆಂಪು ಗಂಜಲದ ಉಣ್ಣೆ ಜ್ವರವೂ ಇದೇ ಜಾತಿಗೆ ಸೇರಿದ್ದು. ಡೇರಿಗೆ ಹಾಲು ಹಾಕುವ ಮನೆಯವರಿಗೆ ಅದರ ನಷ್ಟ ಎಷ್ಟು ಅಂತ ಹೇಳಿಕೊಡಬೇಕಾಗಿಲ್ಲ.

ಹಾವಿನ ಪಂಡಿತರು ಸೊರಬಕ್ಕೆ ಬಂದರು

ಕರ್ನಾಟಕದ ಉಣ್ಣೆ ಕಥೆಯ ದೊಡ್ಡ ವರ್ಷ 1957. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ ಮತ್ತು ಕೋತಿಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದು ಮಲಗಿದರು. ಕೆಲವರಿಗೆ ಮೂಗು, ಒಸಡಿನಿಂದ ರಕ್ತ ಬಂತು. ಮಂಗನ ಸಾವಿಗೂ ಮನುಷ್ಯರ ಜ್ವರಕ್ಕೂ ನಂಟಿದೆ ಎನ್ನುವುದು ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲೇ ಇದೆ.

ಪುಣೆಯ ವೈರಸ್ ಸಂಶೋಧನಾ ಕೇಂದ್ರ ಆಗಿನ್ನೂ ಹೊಸದು. 1952ರಲ್ಲಿ ಶುರುವಾಗಿತ್ತು. ಅದೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಮಂಗಗಳು ಸಾಯುವುದು ಕೇಳಿ, ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಇಲ್ಲಿಗೂ ಬಂತೇನೋ ಎಂಬ ಗಾಬರಿ ಹುಟ್ಟಿತ್ತು. ಕೇಂದ್ರದಿಂದ ಬಂದವರಲ್ಲಿ ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಾಪಿಡೊ ಮುಖ್ಯರು. ಟ್ರಾಪಿಡೊ ಮೊದಲಿಗೆ ಹಾವುಗಳನ್ನು ಓದಿದವರು. ಅಮೆರಿಕದ ಒಂದು ಕುಲದ ಹಾವುಗಳ ಬಗ್ಗೆ 1944ರಲ್ಲಿ ಪ್ರಬಂಧ ಪ್ರಕಟಿಸಿದ್ದರು. ಅಂಥವರು ಸೊರಬದ ಕಾಡಿನಲ್ಲಿ ಉಣ್ಣೆಯ ಹಿಂದೆ ಬಿದ್ದರು.

ಉಣ್ಣೆ ಹಿಡಿಯುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದುಕೊಂಡು ಹೋದರೆ, ಪ್ರಾಣಿ ಬಂತೆಂದು ಅವೇ ಬಂದು ಅಂಟಿಕೊಳ್ಳುತ್ತವೆ. ಕಾಡಿನ ಉಣ್ಣೆಗಳನ್ನು ಅರೆದು ಪರೀಕ್ಷಿಸಿದಾಗ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ ವೈರಸ್ ಅಲ್ಲ, ರಷ್ಯಾದಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ನೆಂಟ. ಮುಖ್ಯ ವಾಹಕ ಹಿಮಾಫೈಸಾಲಿಸ್ ಸ್ಪಿನಿಜೆರ ಎಂಬ ಉಣ್ಣೆ. ಅದು ಉಡದ ಉಣ್ಣೆಯಲ್ಲ. ಅದರ ಮರಿಗಳು ಇಲಿ, ಹಕ್ಕಿ, ಮಂಗಗಳನ್ನು ಹತ್ತುತ್ತವೆ. ಎಳೆ ಉಣ್ಣೆಗಳು ಮಂಗ, ಮನುಷ್ಯರನ್ನು ಕಚ್ಚುತ್ತವೆ. ಬಲಿತವು ದನಗಳ ಮೇಲೆ ಕೂರುತ್ತವೆ.

ದನದಿಂದ ಮನುಷ್ಯರಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನ ಬಲಿತ ಉಣ್ಣೆಗೆ ರಕ್ತ ಕೊಟ್ಟು ಅದರ ಸಂತಾನ ಬೆಳೆಸುತ್ತದೆ. ಕಾಡು ಕಡಿಯುವುದು, ದನ ಹೆಚ್ಚುವುದು, ಜನ ಒಳಗೆ ನುಗ್ಗುವುದು, ಇವೆಲ್ಲ ಕೂಡಿ ಕಾಯಿಲೆಗೆ ದಾರಿಯಾಯಿತು ಎಂದು ಅದೇ ಕೇಂದ್ರದಲ್ಲಿ ದುಡಿದ ಕೊಲಂಬಿಯಾದ ವೈದ್ಯ ಬೊಶೆಲ್ 1969ರಲ್ಲಿ ಬರೆದರು. 1982ರ ಕೊನೆಗೆ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಕಡೆಯೇ ಕಾಯಿಲೆ ಜೋರಾಗಿ ಎದ್ದಿತು.

2012ರ ಡಿಸೆಂಬರಿನ ಹೊತ್ತಿಗೆ ಅದು ಚಾಮರಾಜನಗರ ಜಿಲ್ಲೆಯ ಬಂಡೀಪುರದಲ್ಲಿ ಕಾಣಿಸಿತು. ಸತ್ತ ಮಂಗಗಳ ವಿಲೇವಾರಿ ಮಾಡಿದ ಕೆಲಸಗಾರರೇ ಕಾಯಿಲೆ ಬಿದ್ದರು. ಮಂಗ ಸತ್ತು ಮೈ ತಣ್ಣಗಾದಾಗ ಉಣ್ಣೆಗಳು ಕೆಳಗಿಳಿಯುತ್ತವೆ. ಹಾಗಾಗಿ ಮಂಗ ಸತ್ತ ಜಾಗವೇ ಅಪಾಯದ ಜಾಗ.

ಉಡ, ಓತಿಕ್ಯಾತ ಶತ್ರುಗಳಲ್ಲ

ಹಾಗಾದರೆ ಹಲ್ಲಿ ಜಾತಿಯ ಪ್ರಾಣಿಗಳಿಗೆ ಈ ಕಥೆಯಲ್ಲಿ ಏನು ಪಾತ್ರ? ಇದನ್ನು ಚೆನ್ನಾಗಿ ನೋಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಉಣ್ಣೆಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ನಮ್ಮ ಓತಿಕ್ಯಾತನಂತೆ ಬೇಲಿ ಮೇಲೆ ಕೂರುವ ಒಂದು ಹಲ್ಲಿಯನ್ನು ಕಚ್ಚಿದ ಉಣ್ಣೆಯೊಳಗೆ ಆ ರೋಗಾಣು ಸತ್ತುಹೋಗುತ್ತದೆ, ಹಲ್ಲಿಯ ರಕ್ತವೇ ಅದನ್ನು ಕೊಲ್ಲುತ್ತದೆ ಎಂದು 1998ರಲ್ಲಿ ಗೊತ್ತಾಯಿತು. ಹಲ್ಲಿ ಇದ್ದರೆ ಕಾಯಿಲೆ ಕಡಿಮೆ ಅಂತ ಎಲ್ಲರೂ ಅಂದುಕೊಂಡರು. ಆದರೆ ಕೆಲವು ಜಾಗಗಳಲ್ಲಿ ಹಲ್ಲಿಗಳನ್ನು ತೆಗೆದು ನೋಡಿದಾಗ ಮುಂದಿನ ವರ್ಷ ಎಳೆ ಉಣ್ಣೆಗಳೇ ಕಡಿಮೆಯಾದವು. 2011ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅಂದರೆ ಹಲ್ಲಿ ರೋಗಾಣುವನ್ನು ಕೊಲ್ಲುತ್ತದೆ, ಜೊತೆಗೆ ಉಣ್ಣೆಗೆ ಊಟವನ್ನೂ ಹಾಕುತ್ತದೆ. ಕಾಡಿನ ಲೆಕ್ಕ ಒಂದೇ ಸಾಲಿನಲ್ಲಿ ಮುಗಿಯುವುದಿಲ್ಲ.

ಅಲ್ಲಿನ ಹಲ್ಲಿಯ ಲೆಕ್ಕವನ್ನು ನಮ್ಮ ಉಡಕ್ಕೆ ಹಾಗೇ ಹಚ್ಚಲಾಗದು. ಆದರೆ ಮಂಗನ ಕಾಯಿಲೆಯ ಸರಪಳಿಯಲ್ಲಿರುವುದು ಮಂಗ, ಇಲಿ, ಹಕ್ಕಿ, ದನ, ನಾವು. ಉಣ್ಣೆ ಭಯಕ್ಕೆ ಉಡ ಹೊಡೆಯುವುದರಲ್ಲಿ ಅರ್ಥವಿಲ್ಲ. ಉಡ ಇಲಿಯನ್ನೂ ತಿನ್ನುತ್ತದೆ, ಸತ್ತ ಪ್ರಾಣಿಯನ್ನೂ ತಿನ್ನುತ್ತದೆ. ಮಾಂಸಕ್ಕೆ, ಎಣ್ಣೆಗೆ, ಚರ್ಮಕ್ಕೆ ಅಂತ ಅದನ್ನು ಹಿಡಿಯುವವರು ಇಂದಿಗೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಉಡ ಇದೆ. ಕೊಂದರೆ ಜೈಲು.

ನಮ್ಮ ಸೀಮೆಗೆ ಏನು ಪಾಠ

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ ಕೋಡಿಹಳ್ಳಿ ಹೆಸರಿನದೇ ವಲಯ ಇದೆ. ಅಲ್ಲಿಂದ ಕಾಡು ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟದ ಕಡೆಗೆ ಸಾಗುತ್ತದೆ. ಹಾಗಂತ ಮಂಗನ ಕಾಯಿಲೆ ನಮ್ಮ ಬಾಗಿಲಿಗೆ ಬಂದಿದೆ ಅಂತಲ್ಲ. ಆದರೆ ಕಾಡಂಚಿನಲ್ಲಿ ಬದುಕುವವರು ಮಲೆನಾಡಿನವರ ಅನುಭವವನ್ನು ಕಿವಿಗೆ ಹಾಕಿಕೊಳ್ಳಬೇಕು.

ನವೆಂಬರಿನಿಂದ ಮೇ ತಿಂಗಳವರೆಗೆ ಎಳೆ ಉಣ್ಣೆ ಹೆಚ್ಚು. ನಾವು ಸೌದೆಗೆ, ದನ ಮೇಯಿಸಲು ಕಾಡಿಗೆ ಹೋಗುವುದೂ ಆಗಲೇ. ತುಂಬುತೋಳಿನ ಬಟ್ಟೆ ಹಾಕಿ. ಮಲೆನಾಡಿನಲ್ಲಿ ಇದಕ್ಕೇ ಡೇಪಾ ಎಣ್ಣೆ ಹಂಚುತ್ತಾರೆ. ಮನೆಗೆ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ, ಮೈ ಸಂದುಗಳನ್ನು ನೋಡಿಕೊಳ್ಳಿ, ಮಕ್ಕಳ ತಲೆಕೂದಲನ್ನೂ ನೋಡಿ. ಉಣ್ಣೆ ಕಚ್ಚಿದ್ದರೆ ಬೀಡಿ ಬೆಂಕಿ, ಸೀಮೆಎಣ್ಣೆ ಬೇಡ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಉಗುರಲ್ಲಿ ಒತ್ತಿ ಸಾಯಿಸಬೇಡಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಈ ಕಾಯಿಲೆಗೆಂದೇ ಇರುವ ಔಷಧಿ ಇಲ್ಲ. ಬೇಗ ಗುರುತಿಸಿ ಆರೈಕೆ ಮಾಡಿದರೆ ಜೀವ ಉಳಿಯುತ್ತದೆ.

ಬಂಡೆ ಮೇಲಿನ ಉಡ ಅದರ ಪಾಡಿಗೆ ಬಿಸಿಲು ಕಾಯಲಿ. ಅದರ ಉಣ್ಣೆ ಅದಕ್ಕೇ ಇರಲಿ. ನಾವು ನೋಡಿಕೊಳ್ಳಬೇಕಾದ್ದು ನಮ್ಮ ಮೈ ಮತ್ತು ನಮ್ಮ ಕೊಟ್ಟಿಗೆ.