ಕುಮಟಾ ಅರಳೆ

ಬನಹಟ್ಟಿಯ ನಮ್ಮ ಮನೆಯಲ್ಲಿ ಸಮುದ್ರವನ್ನು ಕಂಡವರೇ ಇರಲಿಲ್ಲ. ನೀರೆಂದರೆ ಕೃಷ್ಣೆ, ಮುಧೋಳಕ್ಕೆ ಹೋದರೆ ಘಟಪ್ರಭೆ. ಆದರೂ ಅರಳೆಯ ಮಾತು ಬಂದಾಗ ಅಜ್ಜ 'ಕುಮಟಾ' ಎನ್ನುತ್ತಿದ್ದ. ಅದು ಬೀಜದ ಹೆಸರೆಂದೇ ನಾನು ಬಹಳ ದಿನ ನಂಬಿದ್ದೆ. ಶಾಲೆಯ ನಕಾಶೆಯಲ್ಲಿ ಕಡಲತಡಿಯ ಕುಮಟೆಯನ್ನು ಕಂಡಾಗ ತಬ್ಬಿಬ್ಬಾದೆ. ಮಳೆಸೀಮೆಯ ಆ ಊರಿನ ಹೆಸರು ನಮ್ಮ ಎರೆಹೊಲದ ಹತ್ತಿಗೆ ಅಂಟಿದ್ದೇಕೆ?

ಉತ್ತರ ಹಾಯಿಹಡಗುಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ, ಹುಬ್ಬಳ್ಳಿಗಳ ಕಡೆಯ ಅರಳೆ ಎತ್ತಿನ ಗಾಡಿಗಳಲ್ಲಿ ದೇವಿಮನೆ ಘಟ್ಟವಿಳಿದು ಕುಮಟೆಗೆ ಬರುತ್ತಿತ್ತು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ. ಮೂಟೆ ಹಡಗೇರಿದ ಬಂದರವೇ ಮುಂಬಯಿ ಪೇಟೆಯಲ್ಲಿ ಸರಕಿನ ಹೆಸರಾಯಿತು. ಬೆಳೆದವನ ಊರು ಯಾರಿಗೆ ಬೇಕು! ಜಮಖಂಡಿ, ಮುಧೋಳ ಸಂಸ್ಥಾನಗಳಲ್ಲಿ ಬೆಳೆದ ಅದೇ ಜಾತಿಯ ಹತ್ತಿಗೂ ಆ ಹೆಸರೇ ನಿಂತಿತು.

ಆ ಪ್ರಯಾಣ ಸುಲಭದ್ದಲ್ಲ. ಮಳೆಗಾಲದಲ್ಲಿ ಕಡಲು ಮುಚ್ಚಿತೆಂದೇ ಲೆಕ್ಕ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹಾಯಿ ಏರುವುದು. (ನೇಕಾರನ ಕಿವಿಗೆ ಈ ಹಬ್ಬದ ಹೆಸರು ಬೇರೆಯಾಗಿಯೇ ಕೇಳಿಸುತ್ತದೆ.) ಬಡಗಣಕ್ಕೆ ಹೊರಟ ಹಡಗಿಗೆ ವಾಯವ್ಯದ ಗಾಳಿ ಎದುರು. ಆದುದರಿಂದ ತಾಂಡೇಲನು ಬೆಳಗಿನ ಜಾವ ನೆಲದ ಕಡೆಯಿಂದ ಬೀಸುವ ಗಾಳಿಗೆ ಹಾಯಿ ಬಿಚ್ಚಿ ಹೊರಸಮುದ್ರಕ್ಕೆ ಸಾಗುವನು. ಮಧ್ಯಾಹ್ನ ಕಡಲಗಾಳಿ ಎದ್ದಾಗ ಓರೆಯಾಗಿ ದಂಡೆಯತ್ತ ಹೊರಳುವನು. ಗಾಳಿ ಕೆರಳಿದರೆ ಲಂಗರು ಹಾಕಲು ತದಡಿಯ ಅಳಿವೆ, ಬೇಲೆಕೇರಿಯ ಕೊಲ್ಲಿ, ಕಾರವಾರದ ಮುಂದಿನ ಕೂರ್ಮಗಡ, ದೇವಗಡ, ಅಂಜದೀವ ನಡುಗಡ್ಡೆಗಳ ಮರೆ. 1498ರಲ್ಲಿ ವಾಸ್ಕೋ ಡ ಗಾಮನು ಮರಳುವಾಗ ಹಡಗು ದುರಸ್ತಿಗೆ ನಿಂತದ್ದು ಅಂಜದೀವದಲ್ಲಿಯೇ. ಅವನ ಹೆಸರು ಇತಿಹಾಸದಲ್ಲಿದೆ. ನಮ್ಮ ಅರಳೆ ನೆನೆಯದಂತೆ ಕಾಯ್ದ ಖಾರ್ವಿ ತಾಂಡೇಲರ ಹೆಸರು ಒಂದಾದರೂ ನನಗೆ ಸಿಕ್ಕಿಲ್ಲ.

1861ರಿಂದ 1865ರ ವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ಬಾಯಿಬಿಟ್ಟವು. ಇಲ್ಲಿ ಬೆಲೆ ಏರಿತು. ಕಾರವಾರವನ್ನು ಹತ್ತಿಯ ಬಂದರವಾಗಿಸುವ ಆಸೆಯಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದರು. ಜಿಲ್ಲೆಯ ಹಣೆಬರಹವನ್ನು ಅರಳೆ ಬರೆಯಿತೆಂದರೆ ತಪ್ಪಾಗದು. ಆದರೆ ರೈಲು ಕಾರವಾರಕ್ಕೆ ಬರಲಿಲ್ಲ. 1888ರ ಹೊತ್ತಿಗೆ ಘಟ್ಟವಿಳಿದು ಮುರಗಾಂವನ್ನು ಮುಟ್ಟಿತು. ಕುಮಟೆಯ ಗಾಡಿಗಳು ವಿರಳವಾದವು.

ಈಚೆಗೆ ಕುಮಟೆಗೆ ಹೋಗಿದ್ದೆ. ಚಹದ ಅಂಗಡಿಯ ಹಿರಿಯರು ಊರು ಕೇಳಿದರು. ಬನಹಟ್ಟಿ ಎಂದೆ. "ಹೋ, ಸೀರೆಯ ಊರು!" ಎಂದರು. ನಮ್ಮ ಅಜ್ಜ ಹತ್ತಿಗೆ ನಿಮ್ಮೂರಿನ ಹೆಸರು ಹೇಳುತ್ತಿದ್ದ ಎಂದೆ. ಅವರು ನಕ್ಕರು; ನಂಬಲಿಲ್ಲವೆಂದು ತೋರುತ್ತದೆ.