ಒಂದನೇ ನಂಬರಿನ ಬಟ್ಟೆ

ಐಎಸ್ಐ ಗುರುತು ಗೊತ್ತಿಲ್ಲದ ಗೃಹಿಣಿ ಯಾರಿದ್ದಾರೆ? ಕುಕ್ಕರ್ ಕೊಳ್ಳಲು ಹೋದರೆ ಅಂಗಡಿಯವನು ಬೆಲೆ ಹೇಳುವ ಮೊದಲೇ ಆ ಗುರುತನ್ನು ತೋರಿಸುತ್ತಾನೆ. ಇಸ್ತ್ರಿಪೆಟ್ಟಿಗೆಯ ಮೇಲೆ, ಗ್ಯಾಸ್ ಒಲೆಯ ಮೇಲೆ, ನೀರು ಕಾಯಿಸುವ ಕಾಯಿಲಿನ ಮೇಲೆ ಎಲ್ಲೆಲ್ಲೂ ಅದೇ. ಗುರುತಿನ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಂಖ್ಯೆಯೂ ಇರುತ್ತದೆ. ಅದನ್ನು ಓದುವ ತಾಳ್ಮೆ ನಮಗಿಲ್ಲ. ಪ್ರೆಶರ್ ಕುಕ್ಕರಿನ ಸಂಖ್ಯೆ 2347. ಒಳ್ಳೆಯ ಕುಕ್ಕರ್ ಹೇಗಿರಬೇಕು, ಯಾವ ಯಾವ ಪರೀಕ್ಷೆಯಲ್ಲಿ ಪಾಸಾಗಬೇಕು ಎಂದು ಬರೆದಿಟ್ಟ ಪುಸ್ತಕದ ಸಂಖ್ಯೆ ಅದು. ಹಾಗಾದರೆ ಈ ಸಾವಿರಾರು ಪುಸ್ತಕಗಳ ಸಾಲಿನಲ್ಲಿ ಒಂದನೆಯದು ಯಾವುದು? ಕಬ್ಬಿಣದ್ದೆ? ಸಿಮೆಂಟಿನದೆ? ನಾನೂ ಹಾಗೆಯೇ ಊಹಿಸಿದ್ದೆ.

ಒಂದನೇ ನಂಬರು ನಮ್ಮ ರಾಷ್ಟ್ರಧ್ವಜದ್ದು. ಭಾರತೀಯ ಮಾನಕ ಸಂಸ್ಥೆ ಹುಟ್ಟಿದ್ದು 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಏಳು ತಿಂಗಳು ಮುಂಚೆ. ಅದೇ ವರ್ಷ ಜುಲೈ 22ರಂದು ಸಂವಿಧಾನ ರಚನಾ ಸಭೆ ತ್ರಿವರ್ಣ ಧ್ವಜವನ್ನು ಅಂಗೀಕರಿಸಿತು. ಆಗಸ್ಟ್ 14ರ ನಡುರಾತ್ರಿಯ ಸಭೆಯಲ್ಲಿ ಭಾರತದ ಮಹಿಳೆಯರ ಪರವಾಗಿ ಆ ಧ್ವಜವನ್ನು ರಾಷ್ಟ್ರಕ್ಕೆ ಅರ್ಪಿಸಿದವರು ಹಂಸಾ ಮೆಹ್ತಾ. ಆ ರಾತ್ರಿಯ ನೆಹರೂ ಭಾಷಣ ಎಲ್ಲರಿಗೂ ನೆನಪಿದೆ. ಹಂಸಾ ಮೆಹ್ತಾ ಅವರ ಕೈಯಲ್ಲಿದ್ದ ಬಟ್ಟೆಯನ್ನು ನೆನೆಯುವವರು ಕಡಿಮೆ. 1951ರಲ್ಲಿ ಆ ಬಟ್ಟೆಗೆ ಲಿಖಿತ ಅಳತೆ ಬಂತು. ಅದೇ ಐಎಸ್ 1. 1964ರಲ್ಲಿ ಅಡಿ ಅಂಗುಲಗಳು ಹೋಗಿ ಮೆಟ್ರಿಕ್ ಅಳತೆ ಬಂತು, 1968ರಲ್ಲಿ ಮತ್ತೆ ಪರಿಷ್ಕಾರವಾಯಿತು. ಮಾನಕ ಸಂಸ್ಥೆಯೇ 1987ರಲ್ಲಿ ಭಾರತೀಯ ಮಾನಕ ಬ್ಯೂರೋ ಆಗಿ ಹೆಸರು ಬದಲಿಸಿಕೊಂಡಿತು. ಬಾವುಟದ ನಂಬರು ಮಾತ್ರ ಬದಲಾಗಲಿಲ್ಲ.

ಅದಕ್ಕೆ ಮುಂಚೆ ಬಾವುಟಕ್ಕೆ ಅಳತೆ ಯಾರು ಕೇಳಿದ್ದರು? 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಏರಿದಾಗ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಅದಕ್ಕಾಗಿ ಜನ ಗುಂಡಿಗೆ ಎದೆಯೊಡ್ಡಿದಾಗ, ಅದರ ಉದ್ದ ಅಗಲ ಸರಿಯಿದೆಯೇ ಎಂದು ನೋಡುವ ಹೊತ್ತು ಯಾರಿಗಿತ್ತು? ಹುಬ್ಬಳ್ಳಿಗೂ ಬಾವುಟಕ್ಕೂ ನಂಟು ಇನ್ನೂ ಹಳೆಯದು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಹೋದ ನಾ. ಸು. ಹರ್ಡೀಕರರೂ ಅವರ ಸಂಗಡಿಗರೂ ಜೈಲು ಸೇರಿದರು. ಅವರು ಕಟ್ಟಿದ ಸೇವಾದಳದ ಮಹಿಳಾ ವಿಭಾಗವನ್ನು ನೋಡಿಕೊಂಡವರು ಉಮಾಬಾಯಿ ಕುಂದಾಪುರ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಉಮಾಬಾಯಿ ಮೂಲೆಯಲ್ಲಿ ಕೂಡಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ಮನೆಮನೆಗೆ ಹೋಗಿ ಸ್ವಯಂಸೇವಕಿಯರನ್ನು ಕಲೆಹಾಕಿದರು. ಆಗಿನ ಕಾಲದಲ್ಲಿ ಹೆಣ್ಣುಮಕ್ಕಳನ್ನು ಹೊಸ್ತಿಲು ದಾಟಿಸುವುದೆಂದರೆ ಸಣ್ಣ ಮಾತಲ್ಲ. ಹುಬ್ಬಳ್ಳಿಯ ಚರಿತ್ರೆಯಲ್ಲಿ ಈಕೆಗೆ ಒಂದು ಸಾಲಿಗಿಂತ ಹೆಚ್ಚು ಸಿಗಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಗಾಂಧೀಜಿ ಅಧ್ಯಕ್ಷರಾಗಿದ್ದ ಅದೇ ಬೆಳಗಾವಿ ಅಧಿವೇಶನದಲ್ಲಿ ಇನ್ನೊಂದು ವಿಚಿತ್ರ ನಿಯಮ ಬಂತು. ಕಾಂಗ್ರೆಸ್ ಸದಸ್ಯರಾಗಬೇಕಾದರೆ ತಿಂಗಳಿಗೆ 2,000 ಗಜ ನೂಲು ಕೊಡಬೇಕು, ಅದೂ ಸಮನಾಗಿ ನೂತದ್ದು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ನೂಲು ನಡೆಯದು. ರಾಜಕೀಯಕ್ಕೆ ಬಂದ ವಕೀಲರಿಗೆ ಇದು ಎಷ್ಟು ಕಿರಿಕಿರಿಯಾಗಿರಬೇಕು! ನಿಯಮ ಬಹಳ ದಿನ ಉಳಿಯಲಿಲ್ಲ. ಆದರೆ ಕೈಕೆಲಸವೆಂದರೆ ಹೇಗೋ ಮಾಡಿದ ಕೆಲಸವಲ್ಲ, ಅದನ್ನೂ ಎಳೆ ಎಳೆಯಾಗಿ ಪರೀಕ್ಷಿಸಬಹುದು ಎಂಬ ಹಟ ಖಾದಿಯ ಜೊತೆಗೇ ಬಂದದ್ದು ಹೀಗೆ. ಐಎಸ್ 1 ಆ ಹಟದ ಮೊಮ್ಮಗಳು.

ಆ ಪುಸ್ತಕದಲ್ಲಿ ಏನಿದೆ? ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬಣ್ಣದ ಭಾಗ. ನೀವು ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್ ಹುಡುಕುವಾಗ ಏನು ಮಾಡುತ್ತೀರಿ ನೆನಪಿಸಿಕೊಳ್ಳಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನಂಬಿಕೆ ಸಾಲದೆ ಎರಡೂ ಬಟ್ಟೆ ಹಿಡಿದು ಹೊರಗೆ ಬೀದಿಗೆ ಬರುತ್ತೀರಿ. ಹಗಲಿನ ಬೆಳಕಿನಲ್ಲಿ ನೋಡಿ, ಕಣ್ಣು ಕಿರಿದುಮಾಡಿ, ಜೊತೆಗಿದ್ದವರ ಅಭಿಪ್ರಾಯ ಕೇಳಿ ಆಮೇಲೆ ‘ಕತ್ತರಿಸಿ’ ಎನ್ನುತ್ತೀರಿ. ಮಾನಕದವರು ಮಾಡಿದ್ದೂ ಇದೇ ಕೆಲಸ. ‘ಕೇಸರಿ’ ಎಂದರೆ ಒಬ್ಬರಿಗೆ ಕಿತ್ತಳೆ ಹಣ್ಣು, ಇನ್ನೊಬ್ಬರಿಗೆ ಮಠದ ಕಾವಿ, ಮತ್ತೊಬ್ಬರಿಗೆ ಪಾಯಸದಲ್ಲಿ ನೆನೆದ ಕೇಸರಿ ಎಸಳು. ಆದ್ದರಿಂದ ಹಗಲಿನ ಬೆಳಕಿಗೆ ಸಮೀಪವಾದ ಒಂದು ನಿಗದಿತ ಬೆಳಕನ್ನು ಗೊತ್ತುಮಾಡಿ, 1931ರಲ್ಲಿ ಅಂತಾರಾಷ್ಟ್ರೀಯ ಬೆಳಕಿನ ಆಯೋಗ ರೂಪಿಸಿದ ಬಣ್ಣದ ನಕ್ಷೆಯಲ್ಲಿ ಪ್ರತಿ ಬಣ್ಣಕ್ಕೂ ಅದರ ಜಾಗ ಬರೆದರು. ಕೇಸರಿಯ ಜಾಗ 0.538, 0.360. ಹಸಿರಿನದು 0.288, 0.395. ಎಷ್ಟು ಹೊಳಪಿರಬೇಕು ಎಂಬುದಕ್ಕೆ ಬೇರೆ ಅಂಕಿ: ಬಿಳಿಗೆ 72.6, ಕೇಸರಿಗೆ 21.5, ಹಸಿರಿಗೆ 8.9. ಊರಿಗೆ ಅಕ್ಷಾಂಶ ರೇಖಾಂಶ ಇದ್ದಂತೆ ಬಣ್ಣಕ್ಕೂ ವಿಳಾಸ. ಆ ವಿಳಾಸದಿಂದ ಒಂದಿಷ್ಟು ಆಚೀಚೆ ಸರಿಯಲು ಅವಕಾಶವಿದೆ, ಅದಕ್ಕೂ ಮಿತಿ ಬರೆದಿದೆ. ಬಿಸಿಲಿಗೆ ಬಣ್ಣ ಮಾಸಬಾರದು, ಒಗೆದರೆ ಬಿಡಬಾರದು. ಕೇಸರಿ ಬಿಳಿಗೆ ಅಂಟಿದರೆ ಏನಾಗುತ್ತದೆಂದು ಹೊಸ ಕೆಂಪು ಸೀರೆಯನ್ನು ಬಿಳಿ ಅಂಗಿಗಳ ಜೊತೆ ನೆನೆಸಿದ ಮನೆಗಳಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಈ ಅಂಕಿಗಳೆಲ್ಲ ಕಾಗದದಿಂದ ಇಳಿದು ಕೈಗೆ ಬರುವುದು ನಮ್ಮ ಉತ್ತರ ಕರ್ನಾಟಕದಲ್ಲಿ. ಧಾರವಾಡ ಹತ್ತಿರದ ಗರಗ ದಶಕಗಳಿಂದ ಬಾವುಟದ ಖಾದಿಗೆ ಹೆಸರಾದ ಊರು. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲೂ ಆ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು, ರಾಜ್ಯ ಏಕೀಕರಣಕ್ಕೆ ಒಂದು ವರ್ಷ ತುಂಬಿದ ದಿನ ಹುಟ್ಟಿತು. ಬಟ್ಟೆಯನ್ನು ಬಾವುಟವಾಗಿಸಲು ಮಾನಕ ಬ್ಯೂರೋದ ಪರವಾನಗಿ ಅದಕ್ಕೆ ಸಿಕ್ಕಿದ್ದು ಬಹಳ ತಡವಾಗಿ, 2005-06ರ ಸುಮಾರಿಗೆ. ಅಲ್ಲಿಂದ ಮುಂದೆ ಬಹುಕಾಲ ದೇಶದಲ್ಲಿ ಆ ಪರವಾನಗಿ ಇರುವ ಏಕೈಕ ಘಟಕ ಎಂದೇ ಬೆಂಗೇರಿಯ ಹೆಸರು ಪತ್ರಿಕೆಗಳಲ್ಲಿ ಬರುತ್ತಿತ್ತು. ಕೆಲಸ ಮಾಡುವವರಲ್ಲಿ ಬಹುಪಾಲು ಹೆಂಗಸರು.

ಹಂಜಿಯಿಂದ ನೂಲು, ನೂಲಿನಿಂದ ಲಡಿ, ಲಡಿಯಿಂದ ಮಗ್ಗ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಾರೆ, ಬಟ್ಟೆಯನ್ನು ತೂಗುತ್ತಾರೆ, ಎಳೆದು ಎಷ್ಟು ಭಾರಕ್ಕೆ ಹರಿಯುತ್ತದೆಂದು ನೋಡುತ್ತಾರೆ. ಬಾವುಟದ ಮೈಗೆ ಒಂದು ಬಗೆಯ ಖಾದಿ, ಕಂಬದ ಕಡೆ ಹಗ್ಗ ಪೋಣಿಸುವ ಪಟ್ಟಿಗೆ ಮತ್ತೊಂದು ದಪ್ಪ ಬಗೆಯದು. ಆ ದಪ್ಪ ಬಟ್ಟೆ ನೇಯಬಲ್ಲವರು ದೇಶದಲ್ಲೇ ಬೆರಳೆಣಿಕೆಯ ಮಂದಿ. ಪಾಸಾದ ಬಟ್ಟೆ ಮೂರು ಪಾಲಾಗಿ ಒಂದು ಕೇಸರಿಗೆ, ಒಂದು ಹಸಿರಿಗೆ, ಒಂದು ಬಿಳುಪಿಗೆ ಹೋಗುತ್ತದೆ. ಆಮೇಲೆ ಕತ್ತರಿ. ಒಂಬತ್ತು ಅಳತೆಗಳಿವೆ. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಒಂದು ಸಣ್ಣ ಮನೆಯ ನಡುಮನೆಯನ್ನು ಮುಚ್ಚಿಬಿಡುವಷ್ಟು. ಚಿಕ್ಕದು ಮೇಜಿನ ಮೇಲಿಡುವ 150ಕ್ಕೆ 100ರದ್ದು. ಕಾರಿಗೆ 225ಕ್ಕೆ 150, ಗಣ್ಯರ ವಿಮಾನಕ್ಕೆ 450ಕ್ಕೆ 300. ಯಾವುದೇ ಇರಲಿ, ಮೂರಕ್ಕೆ ಎರಡರ ಲೆಕ್ಕ ತಪ್ಪುವಂತಿಲ್ಲ, ಮೂರು ಪಟ್ಟಿಗಳ ಅಗಲ ಒಂದೇ ಇರಬೇಕು.

ಕಷ್ಟವೆಲ್ಲ ಚಕ್ರದಲ್ಲಿದೆ. ಇಪ್ಪತ್ತನಾಲ್ಕು ಅರೆಗಳು ಸಮನಾದ ಅಂತರದಲ್ಲಿರಬೇಕು, ಚಕ್ರ ಬಟ್ಟೆಯ ಎರಡೂ ಬದಿಗೆ ಕಾಣಬೇಕು. ಎರಡು ಬದಿಗೂ ಅಚ್ಚು ಹಾಕಿದಾಗ ಈ ಕಡೆಯ ಅರೆಯ ಬೆನ್ನಿಗೇ ಆ ಕಡೆಯ ಅರೆ ಬಂದು ಕೂಡಬೇಕು. ಕೂದಲೆಳೆ ಸರಿದರೂ ಬೆಳಕಿಗೆ ಹಿಡಿದಾಗ ಚಕ್ರಕ್ಕೆ ನೆರಳು ಹುಟ್ಟುತ್ತದೆ. ದೊಡ್ಡ ಬಾವುಟದ ಚಕ್ರ 1295 ಮಿಲಿಮೀಟರ್, ಅದರಲ್ಲಿ ಹೇಗಾದರೂ ಮಾಡಬಹುದು. ಮೇಜಿನ ಬಾವುಟದ ಚಕ್ರ 25 ಮಿಲಿಮೀಟರ್. ಹಿಂದಿನ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಇಪ್ಪತ್ತನಾಲ್ಕು ಗೆರೆ! ಕೊನೆಗೆ ಹೊಲಿಗೆ, ಹಗ್ಗ, ಹಗ್ಗದ ತುದಿಗೆ ಮರದ ಬಿರಡೆ. ನೂಲಿನಿಂದ ಮಡಿಕೆಯವರೆಗೆ ಒಟ್ಟು 18 ಸಲ ತಪಾಸಣೆಯಾಗುತ್ತದೆ ಎಂದು ಅಲ್ಲಿನವರು ಹೇಳುತ್ತಾರೆ.

ಹದಿನೆಂಟು ಸಲ! ನಮ್ಮ ಪರಿಚಯದ ಹಿರಿಯರೊಬ್ಬರು, ಧಾರವಾಡದ ಕಡೆಯವರು, ಇದನ್ನು ಕೇಳಿ ನಕ್ಕರು. ‘ಹೆಣ್ಣು ನೋಡಾಕ ಬಂದಾಗನೂ ಇಷ್ಟು ಸಲ ತಿರುಗಿಸಿ ನೋಡಂಗಿಲ್ಲ ಬಿಡವ್ವಾ’ ಎಂದರು. ಮಾತು ತಮಾಷೆಯದೇ, ಆದರೆ ನಾನು ಅದನ್ನು ಬಹಳ ಹೊತ್ತು ಯೋಚಿಸಿದೆ. ನಮ್ಮ ಹೆಂಗಸರ ಕೆಲಸಕ್ಕೆ ತಪಾಸಣೆ ಹೊಸದೇನಲ್ಲ. ರೊಟ್ಟಿ ಉಬ್ಬಿತೇ, ಸಾರಿಗೆ ಉಪ್ಪು ಸರಿಯಿದೆಯೇ, ರಂಗೋಲಿ ಎಳೆ ನೆಟ್ಟಗಿದೆಯೇ, ಎಲ್ಲಕ್ಕೂ ಪರೀಕ್ಷಕರಿದ್ದಾರೆ. ಆ ಪರೀಕ್ಷೆಗೆ ಬರೆದಿಟ್ಟ ನಿಯಮವಿಲ್ಲ. ನೋಡುವವರ ಮನಸ್ಸು ಇಂದು ಹೇಗಿದೆಯೋ ಹಾಗೆ. ನಿನ್ನೆ ಸರಿಯಿದ್ದದ್ದು ಇಂದು ತಪ್ಪು. ಕಾರ್ಖಾನೆಯಲ್ಲೂ ಮೇಲ್ವಿಚಾರಕನ ಸಿಟ್ಟೇ ಮಾನಕವಾದ ಕಡೆ ಇದೇ ಪಾಡು. ಐಎಸ್ 1ರಲ್ಲಿ ಹಾಗಿಲ್ಲ. ಎಳೆ ಎಷ್ಟು, ಮಿಲಿಮೀಟರ್ ಎಷ್ಟು ಎಂಬುದು ಹೊಲಿಯುವವಳಿಗೂ ಗೊತ್ತು, ನೋಡುವವನಿಗೂ ಗೊತ್ತು. ಅಳತೆಪಟ್ಟಿ ಇಬ್ಬರ ಕೈಯಲ್ಲೂ ಇದೆ. ‘ಸರಿಯಿಲ್ಲ’ ಎಂದು ಯಾರಾದರೂ ಅಂದರೆ ‘ಎಲ್ಲಿ, ತೋರಿಸಿ’ ಎಂದು ಕೇಳುವ ಧೈರ್ಯ ಆ ಹೆಣ್ಣುಮಗಳಿಗೆ ಇರುತ್ತದೆ. ಕಟ್ಟುನಿಟ್ಟಿನ ನಿಯಮವನ್ನು ಬರೀ ಕಾಟವೆಂದು ತಿಳಿಯುವವರು ಈ ಬದಿಯನ್ನೂ ನೋಡಬೇಕು.

ಹಾಗೆಂದು ಇನ್ನೊಂದು ಬದಿಯನ್ನು ಮುಚ್ಚಿಡಲಾರೆ. ಖಾದಿಯಲ್ಲಿ ಕೂಲಿ ಎಣಿಕೆಯ ಮೇಲೆ: ಇಷ್ಟು ಲಡಿಗೆ ಇಷ್ಟು, ಇಷ್ಟು ಗಜಕ್ಕೆ ಇಷ್ಟು. ಸಮನಾಗಿ ನೂಲಲು ನಿಧಾನ ಬೇಕು, ನಿಧಾನಿಸಿದರೆ ಸಂಜೆಗೆ ಲಡಿ ಕಡಿಮೆ. ಹೀಗೆ ಗುಣಮಟ್ಟದ ಬೆಲೆಯ ಒಂದು ಭಾಗವನ್ನು ನೂಲುವವಳೇ ತನ್ನ ಕೂಲಿಯಲ್ಲಿ ತೆರುತ್ತಾಳೆ. ಎಳೆಯನ್ನು ಅಷ್ಟು ಚೆನ್ನಾಗಿ ಅಳೆದ ಪುಸ್ತಕದಲ್ಲಿ ಅವಳ ಬೆನ್ನುನೋವಿಗೆ ಅಂಕಣವಿಲ್ಲ.

ಆದರೂ ಬಾವುಟ ಅವರ ಕೈಯಲ್ಲಿ ಉಳಿದಿತ್ತು. ಕಾರಣ, ಬಾವುಟವೆಂದರೆ ಕೈಯಲ್ಲಿ ನೂತು ಕೈಯಲ್ಲಿ ನೇಯ್ದದ್ದೇ ಆಗಿರಬೇಕು ಎಂಬ ನಿಯಮ. 2002ರ ಜನವರಿ 26ರಿಂದ ಜಾರಿಗೆ ಬಂದ ಧ್ವಜ ಸಂಹಿತೆ ಸಾಮಾನ್ಯ ಜನರೂ ವರ್ಷವಿಡೀ ಧ್ವಜ ಹಾರಿಸಬಹುದೆಂದು ಬಾಗಿಲು ತೆರೆಯಿತು, ಬಟ್ಟೆಯ ವಿಷಯದಲ್ಲಿ ಮಾತ್ರ ಹಳೆಯ ಮಾತಿಗೇ ಅಂಟಿಕೊಂಡಿತು. 2021ರ ಡಿಸೆಂಬರ್ 30ರ ತಿದ್ದುಪಡಿಯಲ್ಲಿ ಅದೂ ಸಡಿಲವಾಯಿತು. ಯಂತ್ರದಲ್ಲಿ ತಯಾರಾದದ್ದೂ ಆಗಬಹುದು, ಪಾಲಿಯೆಸ್ಟರೂ ಆಗಬಹುದು. ಮರುವರ್ಷ ಸ್ವಾತಂತ್ರ್ಯದ 75ನೇ ವರ್ಷಕ್ಕೆ ಮನೆಮನೆಯಲ್ಲೂ ತಿರಂಗಾ ಹಾರಿಸುವ ಕರೆ ಬಂತು. ಮನೆಮನೆಗೂ ಬಾವುಟವೆಂದರೆ ಕೋಟಿಗಟ್ಟಲೆ. ಅಷ್ಟನ್ನು ರಾಟೆಯಿಂದ ತೆಗೆಯಲು ಸಾಧ್ಯವಿಲ್ಲ ಎಂಬುದು ಒಪ್ಪತಕ್ಕ ಮಾತೇ. ಬಡವರ ಮನೆಗೂ ಕಡಿಮೆ ಬೆಲೆಯ ಬಾವುಟ ಬೇಕು ಎಂಬುದೂ ನ್ಯಾಯವೇ. ಆದರೆ ಬೆಂಗೇರಿಯವರು 2022ರಲ್ಲಿ ಕೆಲಸ ನಿಲ್ಲಿಸಿ ಪ್ರತಿಭಟನೆಗೆ ಕುಳಿತದ್ದೂ ನ್ಯಾಯವೇ. ಹದಿನೆಂಟು ಪರೀಕ್ಷೆ ದಾಟಿದ ಬಟ್ಟೆಯನ್ನೂ ಒಂದೂ ಪರೀಕ್ಷೆ ಕಾಣದ ಬಟ್ಟೆಯನ್ನೂ ಒಂದೇ ಕಂಬದ ಬುಡದಲ್ಲಿ ಮಾರಾಟಕ್ಕಿಟ್ಟರೆ ಯಾವುದು ಮೊದಲು ಖರ್ಚಾಗುತ್ತದೆ ಎಂದು ಹೇಳಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಕುಕ್ಕರಿಗೆ ಗುರುತು ಕಡ್ಡಾಯ ಮಾಡಿದ ಸರ್ಕಾರ ಒಂದನೇ ನಂಬರಿನ ವಿಷಯದಲ್ಲಿ ಏಕೆ ಇಷ್ಟು ಉದಾರವಾಯಿತೋ, ನನಗೆ ಅರ್ಥವಾಗಿಲ್ಲ.

ಕಳೆದ ಆಗಸ್ಟಿನಲ್ಲಿ ಪಕ್ಕದ ಮನೆಯ ಆರನೇ ಕ್ಲಾಸಿನ ಹುಡುಗಿ ಶಾಲೆಗೆ ಒಯ್ಯಲು ಬಾವುಟ ತಂದಿದ್ದಳು. ಮಿರಿಮಿರಿ ಮಿಂಚುವ ಬಟ್ಟೆ. ಪಾಠದಲ್ಲಿ ಓದಿದ್ದಳಲ್ಲ, ಅರೆಗಳನ್ನು ಎಣಿಸಿದಳು. ಇಪ್ಪತ್ತು ಬಂತು. ಬೆರಳಿಟ್ಟು ಮತ್ತೆ ಎಣಿಸಿದಳು. ‘ಆಂಟಿ, ಇನ್ನು ನಾಲ್ಕು ಎಲ್ಲಿ?’ ಎಂದಳು. ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ನಮ್ಮೂರ ಖಾದಿ ಭಂಡಾರಕ್ಕೆ ಹೋದೆ. ಬೀರುವಿನಿಂದ ಒಂದನ್ನು ತೆಗೆದು ಹಾಸಿ ತೋರಿಸಿದರು. ಹುಡುಗಿ ಎರಡು ಬದಿಯೂ ಎಣಿಸಿ ತೃಪ್ತಳಾದಳು. ತಾಯಿ ಬೆಲೆ ಕೇಳಿದರು, ಚೀಟಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ತಿಂಗಳ ಕೊನೆ. ಬಾವುಟವನ್ನು ಹಾಸಿದವರೇ ಮಡಿಕೆಯ ಗೆರೆ ತಪ್ಪದಂತೆ ಮತ್ತೆ ಮಡಿಸಿ ಒಳಗಿಟ್ಟರು.