ರಾಣಿ ತೋಳು ತೋರಿಸಿದ್ದು ಯಾಕೆ?

1805ರಲ್ಲಿ ಐರಿಶ್ ಕಲಾವಿದ ಥಾಮಸ್ ಹಿಕಿ ಮೈಸೂರಿನಲ್ಲಿ ಬಿಡಿಸಿದ ಒಂದು ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಬಲಗಡೆಯ ಹುಡುಗಿ ಸೀರೆ ಸ್ವಲ್ಪ ಸರಿಸಿ ತನ್ನ ತೋಳಿನ ಕಡೆ ಬೆರಳು ತೋರಿಸ್ತಿದ್ದಾಳೆ. ಬಹಳ ಕಾಲ ಇವರನ್ನು ನರ್ತಕಿಯರು ಅಂತಲೇ ಅಂದುಕೊಂಡಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಬೇರೆಯೇ ಓದು ಕೊಟ್ಟರು: ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸ್ತಿರೋದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ.

ಈ ಓದು ಸರಿಯಾದರೆ, ನನಗೆ ಆ ಹುಡುಗಿಗಿಂತ ನಡುವೆ ನಿಂತವಳೇ ಮುಖ್ಯ ಅನ್ನಿಸ್ತಾಳೆ. ಆಕೆ ರಾಜನ ಅಜ್ಜಿ ಲಕ್ಷ್ಮಮ್ಮಣ್ಣಿ. ಮದುವೆಯಾದಾಗ ರಾಜನಿಗೂ ರಾಣಿಗೂ ಹನ್ನೆರಡರ ಆಸುಪಾಸು. ಮಕ್ಕಳಿಗೆ ಲಸಿಕೆ ಹಾಕಿಸಬೇಕೋ ಬೇಡವೋ ಅನ್ನೋದು ಇಂದಿನಂತೆ ಅಂದೂ ಮನೆಯ ಹಿರಿಯರ ತೀರ್ಮಾನ. ಆ ಮನೆಗೆ ಸಿಡುಬು ಗೊತ್ತಿತ್ತು. ರಾಜನ ತಂದೆ 1796ರಲ್ಲಿ ಸಿಡುಬಿನಿಂದಲೇ ತೀರಿಕೊಂಡಿದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ರಸವನ್ನು ಒಬ್ಬ ಹುಡುಗನಿಗೆ ಚುಚ್ಚಿ ಪರೀಕ್ಷೆ ಮಾಡಿದ್ದ.

ಹಾಗಾದ್ರೆ ಜನ ಲಸಿಕೆಗೆ ಹೆದರಿದ್ದು ಅಜ್ಞಾನದಿಂದಲಾ? ಪೂರ್ತಿ ಹಾಗಲ್ಲ. ಸ್ವಲ್ಪ ಸೋಂಕು ತಗುಲಿಸಿದರೆ ದೊಡ್ಡ ಸಿಡುಬು ಬರಲ್ಲ ಅನ್ನೋದು ನಮ್ಮವರಿಗೆ ಮೊದಲೇ ಗೊತ್ತಿತ್ತು. ಬಂಗಾಳದಲ್ಲಿ ಟೀಕಾದಾರರು ಮನೆಮನೆಗೆ ಹೋಗಿ, ಶೀತಲಾದೇವಿಗೆ ಪೂಜೆ ಮಾಡಿ, ಪಥ್ಯ ಹೇಳಿ, ಸಿಡುಬಿನ ಕೀವನ್ನೇ ತೋಳಿಗೆ ಹಚ್ಚುತ್ತಿದ್ದರು. ಅದರಲ್ಲಿ ಅಪಾಯವಿತ್ತು. ಆದರೆ ಹಚ್ಚುವವನು ಪರಿಚಯದವನು, ಪದ್ಧತಿಯೂ ತಮ್ಮದೇ.

ಹೊಸ ಲಸಿಕೆ ಕೇಳಿದ್ದು ಬೇರೆ. ಆಗ ಫ್ರಿಜ್ ಇಲ್ಲ. ರಸ ಕೆಡದಂತೆ ಇಡೋದಕ್ಕೆ ಇದ್ದ ಒಳ್ಳೇ ದಾರಿ ಮಕ್ಕಳ ತೋಳು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಲಸಿಕೆ ಹಿಡಿಯಿತು. ಅವಳ ಗುಳ್ಳೆಯ ರಸ ಇನ್ನಷ್ಟು ಮಕ್ಕಳಿಗೆ, ಅವರಿಂದ ಮತ್ತಷ್ಟು ಜನರಿಗೆ ಹೋಯಿತು. ಲಸಿಕೆ ಹಾಕಿಸಿದ ಮಗುವನ್ನು ಎಂಟನೇ ದಿನದ ಹೊತ್ತಿಗೆ ಮತ್ತೆ ಕರೆತರಬೇಕು, ಬೇರೆಯವರಿಗೋಸ್ಕರ ಅದರ ಗುಳ್ಳೆ ಚುಚ್ಚಲು ಬಿಡಬೇಕು. ಯಾವ ತಾಯಿ ಸುಲಭವಾಗಿ ಒಪ್ಪುತ್ತಾಳೆ? ಅದು ಯಾರ ಮಗುವಿನ ರಸ, ಯಾವ ಜಾತಿಯದು ಅಂತ ಕೇಳಿದವರೂ ಇದ್ದರು. ಅದು ಜಾತಿಯ ರೋಗವೇ. ಆದರೆ ಆ ಮಗುವಿಗೆ ಬೇರೆ ಕಾಯಿಲೆ ಇದ್ದರೆ ಅನ್ನೋ ಭಯಕ್ಕೆ ಆಧಾರವಿತ್ತು. ಯುರೋಪಿನಲ್ಲಿ ಹೀಗೆ ತೋಳಿನಿಂದ ತೋಳಿಗೆ ಸಿಫಿಲಿಸ್ ಹರಡಿದ ಉದಾಹರಣೆಗಳಿವೆ.

ಸರ್ಕಾರ ಕೊನೆಗೆ ಕಾನೂನು ತಂದಿತು. 1880ರ ಲಸಿಕೆ ಕಾಯಿದೆ ಬ್ರಿಟಿಷ್ ಇಂಡಿಯಾದ ಆಯ್ದ ಪಟ್ಟಣಗಳಲ್ಲಿ ಲಸಿಕೆ ಕಡ್ಡಾಯ ಮಾಡಿತು. ಆದರೆ ಕಾಯಿದೆ ತಂದ ಮಾತ್ರಕ್ಕೆ ರೋಗ ಹೋಗಲಿಲ್ಲ. ದೇಶ ಸಿಡುಬುಮುಕ್ತ ಅಂತ ಘೋಷಣೆಯಾಗಿದ್ದು 1977ರಲ್ಲಿ. ನಮ್ಮಮ್ಮನ ತೋಳಿನಲ್ಲಿ ಈಗಲೂ ಅದರ ಗುರುತಿದೆ. ಅದನ್ನ ಅವರು ದಾಕು ಅಂತಾರೆ. ಆಮೇಲೆ ಹುಟ್ಟಿದ ನನ್ನ ತೋಳಿನಲ್ಲಿರೋದು ಬಿಸಿಜಿ ಗುರುತು ಮಾತ್ರ. ಸಿಡುಬನ್ನು ನಾನು ನೋಡಿಲ್ಲ, ನೀವೂ ನೋಡಿರಲ್ಲ.

ನಮ್ಮ ತಲೆಮಾರಿನ ತೊಡಕು ಇಲ್ಲೇ ಇದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸ್‌ಆಪ್ ತುಂಬಾ ವದಂತಿ ಓಡಾಡಿತು. ಫಾರ್ವರ್ಡ್ ಮಾಡಿದವರಲ್ಲಿ ಓದಿದವರೂ ಇದ್ದರು. ರೋಗ ಕಣ್ಣಿಗೆ ಕಾಣಲ್ಲ, ಸೂಜಿ ಮಾತ್ರ ಕಾಣುತ್ತೆ. ಇದರಲ್ಲಿ ಏನಿದೆ, ನನ್ನ ಮಗುವಿಗೇ ಯಾಕೆ ಅನ್ನೋ ಪ್ರಶ್ನೆಗಳು ಇನ್ನೂರು ವರ್ಷದಷ್ಟು ಹಳೆಯವು, ಕೇಳೋದು ತಪ್ಪೇನೂ ಅಲ್ಲ. ಅಂದಿನ ತಾಯಿಗೆ ಉತ್ತರ ಹುಡುಕಲು ಜಾಗ ಕಡಿಮೆ ಇತ್ತು. ನಮಗೆ ಮಗುವನ್ನು ನೋಡೋ ಡಾಕ್ಟರ್ ಒಂದು ಫೋನ್ ದೂರದಲ್ಲಿದ್ದಾರೆ, ಆದರೂ ಗ್ರೂಪಿನಲ್ಲಿ ಕೇಳ್ತೀವಿ.

ಕೇಳುವಾಗ ಇನ್ನೊಂದು ಮಗುವಿನ ಲೆಕ್ಕವನ್ನೂ ಇಟ್ಟುಕೊಳ್ಳೋಣ. ನಮ್ಮ ವೇಳಾಪಟ್ಟಿಯಲ್ಲಿ ದಡಾರದ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ. ದಡಾರ ಹರಡದಂತೆ ತಡೆಯಲು ಸುಮಾರು 95% ಜನರಿಗೆ ರಕ್ಷಣೆ ಇರಬೇಕು. ಅಂದ್ರೆ ಪಕ್ಕದ ಫ್ಲ್ಯಾಟಿನ ಆರು ತಿಂಗಳ ಕೂಸಿಗೆ ಸದ್ಯಕ್ಕೆ ಇರೋ ದೊಡ್ಡ ರಕ್ಷಣೆ, ನಿಮ್ಮ ಮಗುವಿಗೆ ಹಾಕಿಸಿದ ಲಸಿಕೆ.